ಹಳಿ ಮುಟ್ಟದ ನಾಲ್ಕು ಊರುಗಳು, ಹೊಂದದ ಎರಡು ವೇಳಾಪಟ್ಟಿಗಳು

ದಾವಣಗೆರೆ ಜಿಲ್ಲೆಯ ಭೂಪಟವನ್ನು ಮೇಜಿನ ಮೇಲೆ ಹರಡಿಕೊಂಡು, ರೈಲುದಾರಿಯನ್ನು ತೋರಿಸುವ ಕಪ್ಪು ಗೆರೆಯ ಮೇಲೆ ಬೆರಳಿಟ್ಟು ದಕ್ಷಿಣದಿಂದ ವಾಯವ್ಯಾಭಿಮುಖವಾಗಿ ಸಾಗಿದರೆ, ಮಾಯಕೊಂಡ, ಕೊಡಗನೂರು, ತೋಳಹುಣಸೆ, ದಾವಣಗೆರೆ, ಹರಿಹರಗಳನ್ನು ಮುಟ್ಟಿ, ತುಂಗಭದ್ರೆಯ ಸೇತುವೆಯ ಬಳಿ ಬೆರಳು ಜಿಲ್ಲೆಯ ಎಲ್ಲೆಯನ್ನು ದಾಟಿಬಿಡುತ್ತದೆ. ಆ ಗೆರೆಯ ಎಡಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಿವೆ, ಬಲಕ್ಕೆ ಜಗಳೂರಿದೆ. ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ನಾಲ್ಕರ ಕೇಂದ್ರಸ್ಥಾನಗಳಿಗೆ ಹಳಿಯ ಸ್ಪರ್ಶವೇ ಇಲ್ಲ. ಆದರೂ ಈ ನಾಲ್ಕು ಊರುಗಳ ಬಸ್ ನಿಲ್ದಾಣದಲ್ಲಿ ಮುಂಜಾನೆ ನಿಂತವರನ್ನು ಎಲ್ಲಿಗೆ ಪ್ರಯಾಣವೆಂದು ಕೇಳಿದರೆ, ಅವರಲ್ಲಿ ಕೆಲವರಾದರೂ ದಾವಣಗೆರೆಯಲ್ಲಿ ಇಳಿದು ಇಂಟರ್‌ಸಿಟಿಯನ್ನು ಹಿಡಿಯತಕ್ಕವರು, ಶಿವಮೊಗ್ಗೆಗೆ ಹೋಗಿ ಬೆಂಗಳೂರಿನ ಗಾಡಿ ಹತ್ತತಕ್ಕವರು, ಚಿತ್ರದುರ್ಗದ ಕಡೆಗೆ ತಿರುಗತಕ್ಕವರು ಆಗಿರುತ್ತಾರೆ. ಸುಳೆಕೆರೆಯ ನೀರುಂಡ ಅಡಿಕೆಯ ಸೀಮೆಯವನಿಗೂ, ಮಳೆಯ ಮುಖವನ್ನೇ ಕಾಣದೆ ಜಿಂಕೆಯೊಡನೆ ಬಿಸಿಲನ್ನು ಹಂಚಿಕೊಂಡ ಜಗಳೂರು ಸೀಮೆಯವನಿಗೂ ಈ ಒಂದು ವಿಷಯದಲ್ಲಿ ಮಾತ್ರ ಸಮಾನತೆಯುಂಟು: ಇಬ್ಬರ ದಿನವೂ ತಮ್ಮೂರಿಗೆ ಬಾರದ ರೈಲಿನ ಗಡಿಯಾರಕ್ಕೆ ಕಟ್ಟುಬಿದ್ದಿದೆ.

ಹಳಿ ಏಕೆ ಬರಲಿಲ್ಲವೆಂಬುದಕ್ಕೆ ಚರಿತ್ರೆಯಲ್ಲಿ ಉತ್ತರವುಂಟು, ಅದನ್ನು ಬೇಗನೆ ಹೇಳಿ ಮುಂದುವರಿಯಬಹುದು. ಬೆಂಗಳೂರಿನಿಂದ ಹೊರಟ ಮೀಟರ್‌ಗೇಜ್ ದಾರಿ 1889ರ ಹೊತ್ತಿಗೆ ಹರಿಹರವನ್ನು ಮುಟ್ಟಿತು. ಬೀರೂರಿನಲ್ಲಿ ಕವಲೊಡೆದ ಇನ್ನೊಂದು ದಾರಿ 1899ರಲ್ಲಿ ಶಿವಮೊಗ್ಗೆಯನ್ನು ಸೇರಿತು. ಚಿಕ್ಕಜಾಜೂರಿನಿಂದ ಹೊರಟ ಮೂರನೆಯದು 1921ರಲ್ಲಿ ಚಿತ್ರದುರ್ಗಕ್ಕೆ ಹೋಯಿತು. ಈ ಮೂರು ಗೆರೆಗಳ ನಡುವಣ ಹಾಗೂ ಆಚೆಯ ಬಯಲುಗಳಲ್ಲಿ ನಮ್ಮ ನಾಲ್ಕು ಊರುಗಳು ಉಳಿದವು. ಆಮೇಲೆ ವಾಗ್ದಾನಗಳಿಗೆ ಕೊರತೆಯಾಗಲಿಲ್ಲ. ಶಿವಮೊಗ್ಗ–ಹರಿಹರ ಮಾರ್ಗವು ಹೊನ್ನಾಳಿಯ ಸೀಮೆಯ ಮೇಲೆ ಹಾಯುವುದೆಂಬ ಆಸೆ ಬಜೆಟ್ಟಿನ ಪುಟದಲ್ಲಿ ಒಮ್ಮೆ ಮುಖ ತೋರಿಸಿ ಕಡತಗಳಲ್ಲಿ ಮಲಗಿತು. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ಬರಬೇಕಾದ, 2011–12ರಲ್ಲಿ ಮಂಜೂರಾದ ನೇರಮಾರ್ಗದ ಕಾಮಗಾರಿ ನಡೆಯುತ್ತಿದೆಯಾದರೂ ಅದು ಹೆದ್ದಾರಿಯ ಬದಿಯನ್ನು ಹಿಡಿದು ಭರಮಸಾಗರ, ಆನಗೋಡುಗಳ ದಿಕ್ಕಿನಲ್ಲಿ ಬರುವುದೇ ಹೊರತು ಜಗಳೂರಿನ ಬಾಗಿಲಿಗೆ ಬರುವಂತಿಲ್ಲ. ಹಳಿ ಬರಲೆಂದು ಕೂಗುವವರು ಕೂಗಲಿ. ಅದು ನ್ಯಾಯವಾದ ಕೂಗೇ. ಆದರೆ ಇದ್ದ ಹಳಿಯ ಮೇಲೆ, ಇದ್ದ ರಸ್ತೆಯ ಮೇಲೆ, ಹೊತ್ತಿಗೆ ಸರಿಯಾಗಿ ಗಾಡಿಯೊಂದು ಹೊರಡಬೇಕಾದರೆ ಅದಕ್ಕೆ ಮೊದಲು ಏನೇನು ಕೂಡಿಬರಬೇಕೆಂಬುದನ್ನು ನಮ್ಮಲ್ಲಿ ಯೋಚಿಸಿದವರು ವಿರಳ. ಉಕ್ಕು, ಕಲ್ಲು, ವಿದ್ಯುತ್ತು ಇವೆಲ್ಲ ಕೂಡಿದ ಮೇಲೂ ಒಂದು ವಸ್ತು ಉಳಿಯುತ್ತದೆ, ಮತ್ತು ಅದನ್ನು ಯಾವ ಕಾರ್ಖಾನೆಯೂ ಎರಕ ಹೊಯ್ದು ಕೊಡಲಾರದು: ಸಾಕಷ್ಟು ನಿದ್ರೆ ಮಾಡಿ ಎದ್ದು ಬಂದ ಮನುಷ್ಯ.

ಪ್ರಯಾಣಿಕನ ಕಣ್ಣಿಗೆ ರೈಲೆಂದರೆ ಎಂಜಿನ್ನೂ ಡಬ್ಬಿಗಳೂ ಕೂಡಿದ ಒಂದು ಮಾಲೆ. ರೈಲ್ವೆಯ ಸಂಚಾರ ವಿಭಾಗದವರ ಕಣ್ಣಿಗೆ ಅದು ಮೂರು ಬೇರೆ ಬೇರೆ ಸುತ್ತುಗಳ ಕ್ಷಣಕಾಲದ ಕೂಟ: ಎಂಜಿನ್ನಿಗೆ ಒಂದು ಸುತ್ತು, ಡಬ್ಬಿಗಳಿಗೆ ಇನ್ನೊಂದು, ಸಿಬ್ಬಂದಿಗೆ ಮತ್ತೊಂದು. ಸಿಬ್ಬಂದಿಯ ಸುತ್ತನ್ನು ಅವರ ಮಾತಿನಲ್ಲಿ ಲಿಂಕ್ ಎನ್ನುತ್ತಾರೆ. ಇಂದು ರಾತ್ರಿ ಅರಸೀಕೆರೆಯಲ್ಲಿ ಗಾಡಿಯನ್ನು ವಹಿಸಿಕೊಂಡವನು ಹುಬ್ಬಳ್ಳಿಯಲ್ಲಿ ಇಳಿದು, ಅಲ್ಲಿ ರನ್ನಿಂಗ್ ರೂಮಿನ ಮಂಚದಲ್ಲಿ ವಿರಮಿಸಿ, ಮತ್ತಾವ ಗಾಡಿಯನ್ನು ಹಿಡಿದು ಹಿಂದಿರುಗಬೇಕು, ಹಿಂದಿರುಗಿದ ಮೇಲೆ ಮನೆಯಲ್ಲಿ ಎಷ್ಟು ಹೊತ್ತು ಇರಬೇಕು, ಅನಂತರ ಯಾವ ದಿಕ್ಕಿಗೆ ಹೊರಡಬೇಕು ಎಂಬ ಸರಪಳಿಯೇ ಲಿಂಕ್. ಎಂಟು ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿದು ಸ್ವಸ್ಥಾನಕ್ಕೆ ಬಂದವನಿಗೆ ಹದಿನಾರು ಗಂಟೆಯ ವಿಶ್ರಾಂತಿ, ಎಂಟಕ್ಕೆ ಕಡಮೆಯಾದರೆ ಹನ್ನೆರಡು, ಪರಸ್ಥಳದಲ್ಲಿ ಎಂಟು, ಇದರ ಜೊತೆಗೆ ತಿಂಗಳಿಗೆ ಮೂವತ್ತು ಗಂಟೆಯ ನಾಲ್ಕು ಬಿಡುವುಗಳು, ಇಲ್ಲವೇ ಇಪ್ಪತ್ತೆರಡು ಗಂಟೆಯ ಐದು. ಈ ಅಂಕಿಗಳನ್ನು ಓದಿ ‘ಇದೇನು ಉದಾರತೆ’ ಎಂದುಕೊಳ್ಳುವ ಓದುಗರು, ಆ ಹದಿನಾರು ಗಂಟೆ ಹಗಲಿನಲ್ಲಿ ಬರುವುದೋ ರಾತ್ರಿಯಲ್ಲಿ ಬರುವುದೋ ನಿಶ್ಚಯವಿಲ್ಲವೆಂಬುದನ್ನೂ, ಮುಗಿಯುವುದಕ್ಕೆ ಎರಡು ಗಂಟೆ ಮುಂಚಿತವಾಗಿಯೇ ಮುಂದಿನ ಕರೆ ಬಂದು ನಿದ್ರೆಯ ಬಾಲವನ್ನು ಕತ್ತರಿಸುವುದೆಂಬುದನ್ನೂ ಮರೆಯಬಾರದು.

ಆ ಕರೆ ಹಿಂದೆ ಮನುಷ್ಯರೂಪದಲ್ಲಿಯೇ ಬರುತ್ತಿತ್ತು. ರೈಲ್ವೆ ಕಾಲೊನಿಯ ಕತ್ತಲೆಯಲ್ಲಿ ಲಾಟೀನು ಹಿಡಿದು, ಬಗಲಲ್ಲಿ ಕಾಲ್ ಬುಕ್ ಇಟ್ಟುಕೊಂಡು ಬರುವ ಕಾಲ್‌ಬಾಯ್ ಎಂಬವನು ಡ್ರೈವರನ ಮನೆಯ ಕಿಟಕಿಯ ಬಳಿ ನಿಂತು ಹೆಸರು ಹಿಡಿದು ಕೂಗಿ, ಕಣ್ಣುಜ್ಜಿಕೊಂಡು ಬಂದವನಿಂದ ರುಜು ಹಾಕಿಸಿಕೊಂಡು ಹೋಗುತ್ತಿದ್ದನು. ಅವನ ಕೂಗಿಗೆ ಒಂದು ಮನೆಯಲ್ಲಿ ಕರೆಯಿದ್ದರೆ ನಾಲ್ಕು ಮನೆಯಲ್ಲಿ ಮಕ್ಕಳು ಏಳುತ್ತಿದ್ದವು. ಈಗ ದೂರವಾಣಿ ಬಂದಿದೆ, ಗಣಕಯಂತ್ರ ಸರದಿಯನ್ನು ಲೆಕ್ಕ ಹಾಕುತ್ತದೆ. ಸಿಬ್ಬಂದಿ ಕೆಲಸಕ್ಕೆ ಹಾಜರಾಗುವ ಲಾಬಿಗೆ ಬಂದವನು ಮೊದಲು ಉಸಿರನ್ನು ಊದಿ ತಾನು ಮದ್ಯ ಸೇವಿಸಿಲ್ಲವೆಂಬುದನ್ನು ಯಂತ್ರಕ್ಕೆ ಒಪ್ಪಿಸಬೇಕು; ದಾರಿಯಲ್ಲಿ ಎಲ್ಲೆಲ್ಲಿ ವೇಗವನ್ನು ತಗ್ಗಿಸತಕ್ಕದ್ದೆಂಬ ಎಚ್ಚರಿಕೆಯ ಹಾಳೆಯನ್ನು ಓದಿ ಸಹಿ ಹಾಕಬೇಕು; ಕೆಂಪು ಹಸಿರು ಬಾವುಟಗಳು, ಪಟಾಕಿಯಂತೆ ಸಿಡಿದು ಎಚ್ಚರಿಸುವ ಡಿಟೊನೇಟರುಗಳು, ವಾಕಿಟಾಕಿ ಇವೆಲ್ಲವನ್ನು ಸರಿನೋಡಿಕೊಳ್ಳಬೇಕು. ಗಾರ್ಡ್ ಎಂದು ಮೂರು ತಲೆಮಾರುಗಳು ಕರೆದ ಹಿಂಬದಿಯ ಮನುಷ್ಯನಿಗೆ 2022ರಲ್ಲಿ ಟ್ರೇನ್ ಮ್ಯಾನೇಜರ್ ಎಂಬ ಪದವಿ ದೊರೆಯಿತು. ಹೆಸರು ದೊಡ್ಡದಾಯಿತೆಂದು ಅವನ ರಾತ್ರಿ ಚಿಕ್ಕದಾಗಲಿಲ್ಲ.

ಈ ಗಂಟೆಗಳ ಲೆಕ್ಕವೂ ದಾನವಾಗಿ ಬಂದುದಲ್ಲ. ಉಗಿಯ ಕಾಲದಲ್ಲಿ ಎಂಜಿನ್ ಡ್ರೈವರನ ಸರದಿ ಹದಿನಾಲ್ಕು ಗಂಟೆಯನ್ನು ದಾಟಿ ಹೋಗುವುದು ಸಾಮಾನ್ಯವಾಗಿದ್ದ ದಿನಗಳಿದ್ದವು. 1973ರಲ್ಲಿ ಲೋಕೋ ಸಿಬ್ಬಂದಿ ಮುಷ್ಕರ ಹೂಡಿ ಹತ್ತು ಗಂಟೆಯ ಮಿತಿಯ ವಚನವನ್ನು ಸರ್ಕಾರದಿಂದ ಪಡೆದರು. ಮರುವರ್ಷ ಮೇ 8ರಂದು ದೇಶದಾದ್ಯಂತ ಆರಂಭವಾಗಿ ಸುಮಾರು ಮೂರು ವಾರ ನಡೆದ ರೈಲ್ವೆ ಮಹಾಮುಷ್ಕರದ ನಾಯಕರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು. ಎಂಟು ಗಂಟೆಯ ದುಡಿಮೆ ಅದರ ಮುಖ್ಯ ಬೇಡಿಕೆಗಳಲ್ಲೊಂದು. ಮುಷ್ಕರ ಮುರಿಯಿತು, ಸಾವಿರಾರು ಮಂದಿ ಸೆರೆಮನೆ ಕಂಡರು, ಫರ್ನಾಂಡಿಸರೇ ಮುಂದೆ ರೈಲ್ವೆ ಮಂತ್ರಿಗಳಾದರು. ಆದರೂ ವಾದವಿನ್ನೂ ಮುಗಿದಿಲ್ಲ: ಮೂವತ್ತು ಗಂಟೆಯ ವಾರದ ಬಿಡುವು ದಿನದ ಹದಿನಾರು ಗಂಟೆಯನ್ನು ನುಂಗಿಕೊಳ್ಳಬಾರದು, ಎರಡೂ ಸೇರಿ ನಲವತ್ತಾರಾಗಬೇಕು ಎಂದು 2024ರ ಜೂನ್‌ನಲ್ಲಿ ದಕ್ಷಿಣ ರೈಲ್ವೆಯ ಲೋಕೋ ಪೈಲಟರು, ಎಂದರೆ ಎಂಜಿನ್ ಡ್ರೈವರರು, ಹಟ ಹಿಡಿದುದು ಪತ್ರಿಕೆಗಳನ್ನು ಓದುವವರಿಗೆ ನೆನಪಿರಬಹುದು.

ಇಷ್ಟಾದರೂ, ವಿಶ್ರಾಂತಿ ಪಡೆದ ಮನುಷ್ಯ ಸಿಕ್ಕಿದನೆಂದ ಮಾತ್ರಕ್ಕೆ ಗಾಡಿ ಹೊರಡುವುದಿಲ್ಲ. ಅವನು ಆ ದಾರಿಯನ್ನು ಬಲ್ಲವನಾಗಿರಬೇಕು. ಇರುಳಿನಲ್ಲಿ, ಮಂಜಿನಲ್ಲಿ, ಮುಂದಿನ ಸಿಗ್ನಲ್ ಯಾವ ತಿರುವಿನ ಹಿಂದಿದೆ, ಏರು ಎಲ್ಲಿ ಮುಗಿದು ಇಳಿಜಾರು ಎಲ್ಲಿ ಆರಂಭವಾಗುತ್ತದೆ, ಯಾವ ಗೇಟಿನ ಬಳಿ ದನಗಳು ನುಗ್ಗುತ್ತವೆ ಎಂಬುದು ಕಾಗದ ಓದಿ ಬರತಕ್ಕ ವಿದ್ಯೆಯಲ್ಲ. ಆದುದರಿಂದ ಒಂದು ದಾರಿಯಲ್ಲಿ ಮೂರು ತಿಂಗಳ ಮೇಲೆ ಓಡಿಸದೆ ಇದ್ದವನು ಮತ್ತೆ ಅಲ್ಲಿ ಗಾಡಿ ಹಿಡಿಯುವ ಮೊದಲು ಇನ್ನೊಬ್ಬನ ಬಳಿ ಕುಳಿತು ಆ ದಾರಿಯನ್ನು ಒಮ್ಮೆ ಕಲಿಯಬೇಕು. ಆರು ತಿಂಗಳು ದಾಟಿದ್ದರೆ ಎರಡು ಸಲ, ಎರಡು ವರ್ಷ ದಾಟಿದ್ದರೆ ಮೂರು ಸಲ. ಕೊರತೆಯ ದಿನಗಳಲ್ಲಿ ಹಾಸನದವನನ್ನು ಹರಿಹರಕ್ಕೆ, ಮಂಗಳೂರಿನವನನ್ನು ಮಾಯಕೊಂಡಕ್ಕೆ ಎಳೆತಂದು ನಿಲ್ಲಿಸಲಾಗದಿರುವುದು ಇದಕ್ಕಾಗಿಯೇ.

ಇಂಗ್ಲೆಂಡಿನವರು ಈ ಪಾಠವನ್ನು 2018ರ ಮೇ 20ರಂದು ಬಹಳ ಕಷ್ಟಪಟ್ಟು ಕಲಿತರು. ಅಂದು ಉತ್ತರ ಇಂಗ್ಲೆಂಡಿನಲ್ಲಿಯೂ ಲಂಡನ್ನಿನ ಸುತ್ತಲೂ ಒಟ್ಟಿಗೆ ಹೊಸ ವೇಳಾಪಟ್ಟಿ ಜಾರಿಗೆ ಬಂತು. ಮ್ಯಾಂಚೆಸ್ಟರಿನ ಕಡೆಯ ವಿದ್ಯುದೀಕರಣ ತಡವಾದ್ದರಿಂದ ಕೊನೆಯ ಗಳಿಗೆಯಲ್ಲಿ ಪಟ್ಟಿಯನ್ನು ತಿದ್ದಬೇಕಾಗಿ ಬಂದು, ಡ್ರೈವರುಗಳಿಗೆ ಹೊಸ ದಾರಿಗಳನ್ನು ಕಲಿಸಲು ಸಮಯವೇ ಉಳಿದಿರಲಿಲ್ಲ. ಗಾಡಿಗಳಿದ್ದವು, ಡ್ರೈವರರಿದ್ದರು, ಆದರೆ ಆ ಡ್ರೈವರರಿಗೆ ಆ ದಾರಿ ಗೊತ್ತಿರಲಿಲ್ಲ. ದಿನಕ್ಕೆ ನೂರಾರು ಗಾಡಿಗಳು ರದ್ದಾದವು. ಜೂನ್ ಮೊದಲ ವಾರದಿಂದ ಉತ್ತರದ ಗಾಡಿಗಳನ್ನು ಓಡಿಸುತ್ತಿದ್ದ ನಾರ್ದರ್ನ್ ಕಂಪನಿ ದಿನಕ್ಕೆ 165 ಗಾಡಿಗಳನ್ನು ತಾನಾಗಿಯೇ ಪಟ್ಟಿಯಿಂದ ತೆಗೆದು ಉಳಿದವುಗಳನ್ನು ನಂಬುವಂತೆ ಮಾಡಬೇಕಾಯಿತು. ಅನಂತರ ವಿಚಾರಣೆ ನಡೆಸಿದವರು ಕಂಡುಕೊಂಡ ಮುಖ್ಯ ದೋಷ ಯಾರೊಬ್ಬರ ದುರುದ್ದೇಶವಾಗಿರಲಿಲ್ಲ. ಹಳಿಯ ಒಡೆಯರು ಒಂದು ಕಡೆ, ಗಾಡಿಯ ಒಡೆಯರು ಇನ್ನೊಂದು ಕಡೆ, ಸರ್ಕಾರ ಮತ್ತೊಂದು ಕಡೆ ಇದ್ದು, ಇಡೀ ಕಾರ್ಯಕ್ಕೆ ಯಾರೂ ಹೊಣೆ ಹೊತ್ತಿರಲಿಲ್ಲ. ಈ ಮಾತನ್ನು ಓದುಗರು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿರಬೇಕೆಂದು ಕೋರುತ್ತೇನೆ. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಇದು ಮತ್ತೆ ಬೇಕಾಗುತ್ತದೆ.

ನಮ್ಮಲ್ಲಿ ಸಿಬ್ಬಂದಿಯ ಕೊರತೆ ಬಿದ್ದಾಗ ಮೊದಲು ಬಲಿಯಾಗುವುದು ಯಾವುದೆಂಬುದನ್ನು ಊಹಿಸುವುದಕ್ಕೆ ಪಾಂಡಿತ್ಯ ಬೇಕಿಲ್ಲ. ಲೋಕೋ ಪೈಲಟನ ಜೀವನ ಸಹಾಯಕನಾಗಿ ಆರಂಭವಾಗಿ, ಗೂಡ್ಸಿಗೆ ಏರಿ, ಪ್ಯಾಸೆಂಜರಿಗೆ ಏರಿ, ಕೊನೆಗೆ ಮೇಲ್–ಎಕ್ಸ್‌ಪ್ರೆಸ್ಸಿಗೆ ಮುಟ್ಟುತ್ತದೆ. ಮೇಲಿನ ಮೆಟ್ಟಿಲಲ್ಲಿ ಒಬ್ಬನು ನಿವೃತ್ತನಾದರೆ ಅವನ ಜಾಗಕ್ಕೆ ಕೆಳಗಿನವನು ಹೋಗುವನು. ಹೀಗೆ ತೆರವು ಇಳಿಯುತ್ತ ಇಳಿಯುತ್ತ ಕೆಳಗಿನ ಮೆಟ್ಟಿಲಿನಲ್ಲಿ ಬಂದು ನಿಲ್ಲುತ್ತದೆ, ಅಲ್ಲಿ ಹೊಸಬನನ್ನು ಆರಿಸಿ, ತರಬೇತಿ ಕೊಟ್ಟು ಕೂರಿಸುವುದಕ್ಕೆ ವರ್ಷಗಳು ಹಿಡಿಯುತ್ತವೆ. 2024ರ ಜನವರಿಯಲ್ಲಿ ದೇಶಕ್ಕೆಲ್ಲ 5,696 ಸಹಾಯಕ ಲೋಕೋ ಪೈಲಟರು ಬೇಕೆಂದು ಪ್ರಕಟಿಸಿದ ರೈಲ್ವೆ, ಜೂನ್‌ನಲ್ಲಿ ಬಂಗಾಳದಲ್ಲಿ ಕಾಂಚನಜುಂಗಾ ಎಕ್ಸ್‌ಪ್ರೆಸ್ಸಿನ ದುರಂತ ನಡೆದ ಬಳಿಕ ಆ ಸಂಖ್ಯೆಯನ್ನು 18,799ಕ್ಕೆ ಏರಿಸಿತು. ಐದು ತಿಂಗಳಲ್ಲಿ ಮೂರು ಪಟ್ಟು ಹೆಚ್ಚಿದ ಈ ಅಗತ್ಯವು ಆ ಐದು ತಿಂಗಳಲ್ಲಿಯೇ ಹುಟ್ಟಿರಲಾರದಷ್ಟೆ. ಎಕ್ಸ್‌ಪ್ರೆಸ್ಸನ್ನು ನಿಲ್ಲಿಸಿದರೆ ಗದ್ದಲವಾಗುತ್ತದೆ, ಗೂಡ್ಸನ್ನು ನಿಲ್ಲಿಸಿದರೆ ವರಮಾನ ಹೋಗುತ್ತದೆ. ಹಳ್ಳಿಯ ನಿಲ್ದಾಣಗಳಲ್ಲೆಲ್ಲ ನಿಂತು ಹತ್ತು ರೂಪಾಯಿಯ ಟಿಕೆಟ್ಟಿನವರನ್ನು ಹತ್ತಿಸಿಕೊಳ್ಳುವ ಪ್ಯಾಸೆಂಜರನ್ನು ‘ಕಾರ್ಯಾಚರಣೆಯ ಕಾರಣದಿಂದ’ ನಿಲ್ಲಿಸಿದರೆ ಮಾಯಕೊಂಡದ ಪ್ಲಾಟ್‌ಫಾರ್ಮಿನಲ್ಲಿ ನಾಲ್ಕು ಜನ ಗೊಣಗಿ ಬಸ್ಸಿನ ಕಡೆಗೆ ನಡೆಯುತ್ತಾರೆ. 2020ರ ಮಾರ್ಚಿನಲ್ಲಿ ಮಹಾಮಾರಿಯ ಕಾರಣ ನಿಂತ ಪ್ಯಾಸೆಂಜರುಗಳು ಒಂದೊಂದಾಗಿ ಮರಳುವಾಗ ‘ಸ್ಪೆಷಲ್’ ಎಂಬ ಬಿರುದನ್ನೂ ಮೂವತ್ತು ರೂಪಾಯಿಯ ಕನಿಷ್ಠ ದರವನ್ನೂ ತಲೆಯ ಮೇಲೆ ಹೊತ್ತು ಬಂದುವು. ಆ ದರ ಮತ್ತೆ ಹತ್ತಕ್ಕೆ ಇಳಿದುದು 2024ರ ಫೆಬ್ರವರಿಯಲ್ಲಿ.

ಇನ್ನು ರಸ್ತೆಯ ಕಡೆಗೆ ಬರೋಣ. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಹುಟ್ಟಿದ ಮೈಸೂರು ಸರ್ಕಾರದ ಸಾರಿಗೆ ಇಲಾಖೆ 1961ರಲ್ಲಿ ನಿಗಮವಾಯಿತು. ಅದೇ ವರ್ಷ ಸಂಸತ್ತು ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯನ್ನು ಮಾಡಿತು. ದಿನಕ್ಕೆ ಎಂಟು ಗಂಟೆಯ ದುಡಿಮೆ, ಐದು ಗಂಟೆಗೊಮ್ಮೆ ಅರ್ಧ ಗಂಟೆಯ ಬಿಡುವು, ಬಿಡುವೆಲ್ಲ ಸೇರಿ ಹನ್ನೆರಡು ಗಂಟೆಯನ್ನು ಮೀರದ ಹರಹು, ಒಂದು ದಿನದ ಕೆಲಸ ಮುಗಿದು ಮರುದಿನದ್ದು ಆರಂಭವಾಗುವುದರ ನಡುವೆ ಒಂದೇ ಸಮನಾದ ಒಂಬತ್ತು ಗಂಟೆಯ ವಿಶ್ರಾಂತಿ: ಆ ಕಾಯಿದೆಯ ತಿರುಳು ಇಷ್ಟಾಗಿತ್ತು. ಡಿಪೋದಲ್ಲಿ ಈ ತಿರುಳನ್ನು ಹಿಡಿದು ಬಸ್ಸಿನ ದಿನಚರಿಯನ್ನು ಬರೆದ ಹಾಳೆಗೆ ಫಾರಂ ನಾಲ್ಕು ಎಂದು ಹೆಸರು. ಯಾವ ಊರನ್ನು ಎಷ್ಟು ಹೊತ್ತಿಗೆ ಬಿಡಬೇಕು, ಎಲ್ಲಿ ಊಟ, ಎಲ್ಲಿ ರಾತ್ರಿ ಎಂಬುದೆಲ್ಲ ಅದರಲ್ಲಿ. ಹೊನ್ನಾಳಿಯ ಕಡೆಯ ನಿರ್ವಾಹಕನೊಬ್ಬನಿಗೆ ಸಂವಿಧಾನದ ವಿಧಿಗಳು ಬಾಯಿಗೆ ಬರದಿರಬಹುದು. ಫಾರಂ ನಾಲ್ಕು ಮಾತ್ರ ಕಂಠಸ್ಥ.

ಈ ಹಾಳೆ ಮೈದಳೆಯುವುದನ್ನು ನೋಡಬೇಕಾದರೆ ಹಳ್ಳಿಯಲ್ಲಿ ರಾತ್ರಿ ತಂಗುವ ಬಸ್ಸನ್ನು ನೋಡಬೇಕು. ಜನರ ಬಾಯಲ್ಲಿ ಅದು ಹಾಲ್ಟಿಂಗ್ ಬಸ್ಸು. ನ್ಯಾಮತಿಯ ಆಚೆಯ ತಾಂಡಾವೊಂದರಲ್ಲಿಯೋ ಜಗಳೂರಿನ ಅಂಚಿನ ಹಳ್ಳಿಯಲ್ಲಿಯೋ ರಾತ್ರಿ ಒಂಬತ್ತರ ಮೇಲೆ ಬಂದು, ಅರಳಿಕಟ್ಟೆಯ ಸುತ್ತ ತಿರುಗಿ, ಬೆಳಗ್ಗೆ ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತದೆ. ಚಾಲಕ ಇಳಿದು ಹಿಂಗಾಲಿಗೆ ಕಲ್ಲು ಕೊಡುತ್ತಾನೆ. ನಿರ್ವಾಹಕ ಒಳದೀಪದಡಿಯಲ್ಲಿ ಕುಳಿತು ಚಿಲ್ಲರೆಯನ್ನು ಬೇರೆ, ನೋಟುಗಳನ್ನು ಬೇರೆ ಮಾಡಿ, ವೇಬಿಲ್ಲಿಗೂ ಹಣಕ್ಕೂ ತಾಳೆ ನೋಡಿ, ಟಿಕೆಟ್ ಯಂತ್ರವನ್ನು ಚಾರ್ಜಿಗೆ ಹಾಕಲು ಎದುರಿನ ಅಂಗಡಿಯ ಮನೆಯ ಬಾಗಿಲು ತಟ್ಟುತ್ತಾನೆ. ಯಾವುದೋ ಮನೆಯಿಂದ ರೊಟ್ಟಿಯೋ ಮುದ್ದೆಯೋ ಬರುವುದುಂಟು. ಬಾರದ ಊರುಗಳೂ ಉಂಟು, ಅಂಥ ಊರಿಗೆ ಡ್ಯೂಟಿ ಬಿದ್ದವನು ಬುತ್ತಿಯನ್ನು ಮರೆಯುವುದಿಲ್ಲ. ಹಿಂಬದಿಯ ಉದ್ದ ಸೀಟು ನಿರ್ವಾಹಕನಿಗೆ, ಎಂಜಿನ್ನಿನ ಪಕ್ಕದ ಬೆಚ್ಚಗಿನ ಜಾಗ ಚಾಲಕನಿಗೆ. ಹಣದ ಚೀಲ ತಲೆಯಡಿಗೆ, ಸೊಳ್ಳೆಬತ್ತಿ ಕಾಲ ಬಳಿಗೆ. ಶೌಚಕ್ಕೆ ಬಯಲು, ಸ್ನಾನಕ್ಕೆ ಕೈಪಂಪು. ನಿರ್ವಾಹಕಿಯರು ಸೇವೆಗೆ ಬಂದ ಈ ಕಾಲದಲ್ಲಿ ಅವರನ್ನು ಇಂಥ ಹಾಲ್ಟಿಗೆ ಕಳುಹಿಸುವುದು ಹೇಗೆಂಬ ಪ್ರಶ್ನೆಯನ್ನು ಡಿಪೋ ಬಿಡಿಸುವುದು ಅವರ ಸರದಿಯನ್ನೂ ಪುರುಷರ ಮೇಲೆ ಹಾಕುವುದರ ಮೂಲಕ. ಹಳ್ಳಿಯಲ್ಲಿ ಒಂದು ಕೋಣೆ ಕಟ್ಟಿಸುವುದರ ಮೂಲಕವಲ್ಲ.

ಬೆಳಗಿನ ಐದೂವರೆಗೆ ಎಂಜಿನ್ ಗುರುಗುಟ್ಟುವಾಗ ಊರಿಗೆ ಎಚ್ಚರವಾಗುತ್ತದೆ. ಮೊದಲು ಹಾಲಿನ ಕ್ಯಾನು, ಆಮೇಲೆ ಆಸ್ಪತ್ರೆಗೆ ಹೊರಟ ಮುದುಕಿ, ಆಮೇಲೆ ಒದ್ದೆ ತಲೆಗೆ ಜಡೆ ಹೆಣೆದುಕೊಂಡ, ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಿಡಿದ ಕಾಲೇಜಿನ ಹುಡುಗಿಯರು. 2023ರ ಜೂನ್ 11ರಂದು ಹೆಂಗಸರಿಗೆ ಬಸ್ ಪ್ರಯಾಣವನ್ನು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಈ ಬಸ್ಸುಗಳಲ್ಲಿ ಕಾಲಿಡಲು ಎಡೆಯಿಲ್ಲ. ಮನೆಯ ಹೊಸ್ತಿಲಾಚೆಯ ಪ್ರಪಂಚವನ್ನು ನೋಡದ ಎಷ್ಟೋ ಹೆಂಗಸರು ಸುರಗೊಂಡನಕೊಪ್ಪದ ಸೇವಾಲಾಲರ ಸನ್ನಿಧಿಗೂ, ದಾವಣಗೆರೆಯ ಆಸ್ಪತ್ರೆಗೂ, ತಂಗಿಯ ಮನೆಗೂ ಕೈಯಲ್ಲಿ ಕಾಸಿಲ್ಲದೆ ಹೋಗಿ ಬರುವಂತಾದುದು ನನ್ನ ಮಟ್ಟಿಗೆ ಈ ದಶಕದ ದೊಡ್ಡ ಸಾಮಾಜಿಕ ಘಟನೆಗಳಲ್ಲೊಂದು. ಆದರೆ ಪ್ರಯಾಣಿಕರು ಹೆಚ್ಚಿದ ವೇಗದಲ್ಲಿ ಚಾಲಕರು ಹೆಚ್ಚಲಿಲ್ಲ. ಒಬ್ಬನು ರಜೆ ಹಾಕಿದರೆ ಇನ್ನೊಬ್ಬನು ಡಬಲ್ ಡ್ಯೂಟಿ ಮಾಡುತ್ತಾನೆ; ಇನ್ನೊಬ್ಬನೂ ದೊರೆಯದಿದ್ದರೆ ಕಂಟ್ರೋಲರರ ಕೊಠಡಿಯ ಕಿಟಕಿಯಲ್ಲಿ ‘ಆ ಗಾಡಿ ಇವತ್ತಿಲ್ಲ’ ಎಂಬ ಮೂರು ಶಬ್ದಗಳು ಕೇಳಿಬರುತ್ತವೆ. 2020ರ ಡಿಸೆಂಬರಿನಲ್ಲಿಯೂ 2021ರ ಏಪ್ರಿಲ್ಲಿನಲ್ಲಿಯೂ ನೌಕರರು ಬಸ್ಸುಗಳನ್ನು ನಿಲ್ಲಿಸಿದಾಗ, ನಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಿ, ವೇತನವನ್ನು ಅದಕ್ಕೆ ಸರಿಯಾಗಿ ಕೊಡಿ ಎಂಬುದು ಅವರ ಕೂಗಾಗಿತ್ತು. ಆ ಕೂಗಿನ ನ್ಯಾಯಾನ್ಯಾಯವನ್ನು ಇಲ್ಲಿ ತೂಗುವುದಿಲ್ಲ; ಬಸ್ಸು ನಿಂತ ದಿನಗಳಲ್ಲಿ ಹಳಿಯಿಲ್ಲದ ಈ ನಾಲ್ಕು ತಾಲ್ಲೂಕುಗಳಿಗೆ ರೈಲೂ ನಿಂತಂತೆಯೇ ಆಯಿತು.

ಈಗ ಹಳಿಯೂ ರಸ್ತೆಯೂ ಕೂಡುವ ಸ್ಥಳಕ್ಕೆ, ದಾವಣಗೆರೆಯ ಬಸ್ ನಿಲ್ದಾಣಕ್ಕೆ ಬಂದಿದ್ದೇವೆ; ಇಂಗ್ಲೆಂಡಿನ ವಿಚಾರಣೆಯ ಮಾತು ಬೇಕಾಗುವುದು ಇಲ್ಲಿಯೇ. ರೈಲಿನ ವೇಳೆಯನ್ನು ಮೈಸೂರಿನಲ್ಲಿರುವ ವಿಭಾಗ ಕಚೇರಿಯೂ ಹುಬ್ಬಳ್ಳಿಯಲ್ಲಿರುವ ವಲಯ ಕಚೇರಿಯೂ ಸೇರಿ, ಎಂಜಿನ್ನಿನ ಸುತ್ತನ್ನೂ ಸಿಬ್ಬಂದಿಯ ಲಿಂಕನ್ನೂ ಹಳಿದುರಸ್ತಿಯ ಹೊತ್ತನ್ನೂ ನೋಡಿ ನಿಶ್ಚಯಿಸುತ್ತವೆ. ಬಸ್ಸಿನ ವೇಳೆಯನ್ನು ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗಗಳ ಸಾರಿಗೆ ವಿಭಾಗಗಳು ಡಿಪೋದ ಅನುಕೂಲವನ್ನೂ ಶಾಲೆಯ ಗಂಟೆಯನ್ನೂ ವರಮಾನವನ್ನೂ ನೋಡಿ ನಿಶ್ಚಯಿಸುತ್ತವೆ. ಖಾಸಗಿ ಬಸ್ಸಿನ ವೇಳೆಯನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಪರ್ಮಿಟ್ಟಿನಲ್ಲಿ ಬರೆಯುತ್ತದೆ. ಮೂವರೂ ತಮ್ಮ ತಮ್ಮ ಮನೆಯಲ್ಲಿ ಸಮರ್ಥರೇ. ಆದರೆ ಒಬ್ಬರ ಗಾಡಿಯಿಂದ ಇಳಿದವನು ಇನ್ನೊಬ್ಬರ ಗಾಡಿಯನ್ನು ಹತ್ತುವನೇ ಎಂದು ನೋಡತಕ್ಕ ಕೆಲಸ ಮೂವರಲ್ಲಿ ಯಾರ ಪಟ್ಟಿಯಲ್ಲಿಯೂ ಇಲ್ಲ. ರೈಲಿನ ಹೊಸ ವೇಳಾಪಟ್ಟಿ ಬಹುಕಾಲ ಜುಲೈ 1ರಂದು ಬರುತ್ತಿತ್ತು, 2025ರಲ್ಲಿ ಅದು ಜನವರಿ 1ರಂದು ಬಂತು; ಬಸ್ಸಿನ ವೇಳೆಯಾದರೋ ಜೂನ್‌ನಲ್ಲಿ ಶಾಲೆ ತೆರೆದಾಗ ಅಲುಗಾಡುತ್ತದೆ. ತಿದ್ದುಪಡಿಯ ಮುಹೂರ್ತಗಳು ಕೂಡ ಒಂದನ್ನೊಂದು ಭೇಟಿಯಾಗುವುದಿಲ್ಲ.

ತೋಳಹುಣಸೆಯನ್ನು ನೋಡಿ. ದಾವಣಗೆರೆಗೆ ಅಂಟಿಕೊಂಡ ಈ ಊರಿನಲ್ಲಿ ಶಿವಗಂಗೋತ್ರಿ ಎಂಬ ಹೆಸರಿನ ಆವರಣದಲ್ಲಿ 2009ರಿಂದ ದಾವಣಗೆರೆ ವಿಶ್ವವಿದ್ಯಾನಿಲಯವಿದೆ. ಅದೇ ಊರಿನಲ್ಲಿ ರೈಲು ನಿಲ್ದಾಣವೂ ಇದೆ. ನಾಲ್ಕೂ ತಾಲ್ಲೂಕುಗಳಿಂದ ಇಲ್ಲಿಗೆ ವಿದ್ಯಾರ್ಥಿಗಳು ಬರುತ್ತಾರೆ. ವಿಶ್ವವಿದ್ಯಾನಿಲಯವೂ ನಿಲ್ದಾಣವೂ ಒಂದೇ ಊರಿನಲ್ಲಿರುವುದು ಬೇರೆ ನಾಡಿನಲ್ಲಾಗಿದ್ದರೆ ಯೋಜನೆಯ ಫಲವೆನಿಸುತ್ತಿತ್ತು. ಇಲ್ಲಿ ಅದು ಆಕಸ್ಮಿಕ, ಮತ್ತು ಬಹುಪಾಲು ಆಕಸ್ಮಿಕವಾಗಿಯೇ ಉಳಿದಿದೆ. ದಾವಣಗೆರೆಯಲ್ಲಿ ನಿಲ್ಲುವ ವಂದೇ ಭಾರತ್ 2023ರ ಜೂನ್ 27ರಂದು ಬೆಂಗಳೂರು–ಧಾರವಾಡದ ನಡುವೆ ಹೊರಟಾಗ ಬಂದ ಹೂಮಾಲೆಗಳು ತೋಳಹುಣಸೆಯ ಪ್ಯಾಸೆಂಜರಿಗೆ ಬೇಡ. ಹತ್ತು ಗಂಟೆಯ ತರಗತಿಗೆ ಮೊದಲು ಒಂದು, ಐದು ಗಂಟೆಯ ಮೇಲೆ ಒಂದು ಗಾಡಿ ಖಚಿತವಾಗಿ ನಿಂತರೆ ಸಾಕು. ಆ ಎರಡು ಗಾಡಿಗಳಿಗೆ ಬೇಕಾದುದು ಹೊಸ ಹಳಿಯಲ್ಲ. ಹಳಿ ಜೋಡಿಯಾಗಿದೆ, ಮೇಲೆ ತಂತಿ ಬಂದಿದೆ. ಬೇಕಾದುದು ಲಿಂಕಿನಲ್ಲಿ ಎರಡು ಜೋಡಿ ಸಿಬ್ಬಂದಿ, ಅವರು ರಜೆ ಹಾಕಿದಾಗ ನಿಲ್ಲಲು ಒಂದು ಮೀಸಲು ಜೋಡಿ.

ಬೇರೆ ನಾಡೆಂದೆನಷ್ಟೆ, ಸ್ವಿಟ್ಜರ್ಲೆಂಡಿನವರು 1982ರ ಮೇ ತಿಂಗಳಿನಿಂದ ತಮ್ಮ ರೈಲುಗಳನ್ನು ಗಂಟೆಗೊಮ್ಮೆ, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಹೊರಡುವಂತೆ ಮಾಡಿದರು. 1987ರಲ್ಲಿ ಜನಮತ ಕೇಳಿ, ಮುಖ್ಯ ಜಂಕ್ಷನ್ನುಗಳಿಗೆ ಎಲ್ಲ ದಿಕ್ಕಿನ ಗಾಡಿಗಳೂ ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮೊದಲು ಬಂದು ಸ್ವಲ್ಪ ಆಮೇಲೆ ಹೊರಡುವಂತೆ ಹಳಿಗಳನ್ನೇ ತಿದ್ದಿಕೊಂಡರು. ಕಣಿವೆಯ ಕೊನೆಯ ಹಳ್ಳಿಗೆ ಹೋಗುವ ಹಳದಿ ಬಣ್ಣದ ಅಂಚೆ ಬಸ್ಸು ನಿಲ್ದಾಣದ ಬಾಗಿಲಲ್ಲಿ ರೈಲನ್ನು ಕಾದು ನಿಂತಿರುತ್ತದೆ. ಅವರಷ್ಟು ಸಿರಿ ನಮಗಿಲ್ಲವೆಂಬ ಉತ್ತರ ಸಿದ್ಧವಾಗಿದೆ, ಸತ್ಯವೂ ಆಗಿದೆ. ಆದರೆ ಅವರು ಮೊದಲು ಮಾಡಿದ ಕೆಲಸಕ್ಕೆ ಸಿರಿ ಬೇಕಿರಲಿಲ್ಲ: ಪಟ್ಟಿಗಳನ್ನು ಒಂದೇ ಮೇಜಿನ ಮೇಲೆ ಇಟ್ಟರು.

ಮೇಜಿನ ಮೇಲೆ ಇಟ್ಟೊಡನೆ ತೊಡಕೂ ಕಾಣುತ್ತದೆ; ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಬೆಂಗಳೂರಿನ ಕಡೆಯಿಂದ ಬರುವ ಗಾಡಿ ದಾವಣಗೆರೆಗೆ ರಾತ್ರಿ ಎಂಟೂವರೆಗೆ ಮುಟ್ಟುತ್ತದೆಂದೂ, ಹೊನ್ನಾಳಿಯ ಮೇಲೆ ನ್ಯಾಮತಿಯ ಹಳ್ಳಿಯೊಂದಕ್ಕೆ ಹೋಗುವ ಹಾಲ್ಟಿಂಗ್ ಬಸ್ಸು ಎಂಟೂ ಹತ್ತಕ್ಕೆ ಹೊರಡುತ್ತದೆಂದೂ ಇಟ್ಟುಕೊಳ್ಳೋಣ. ಬಸ್ಸನ್ನು ನಲವತ್ತು ನಿಮಿಷ ತಡೆದು ನಿಲ್ಲಿಸಿದರೆ ಮುಗಿಯಿತಲ್ಲ ಎಂದು ಯಾರಾದರೂ ಹೇಳುವರು. ಹತ್ತಕ್ಕೆ ತಲಪುತ್ತಿದ್ದ ಬಸ್ಸು ಹತ್ತೂ ನಲವತ್ತಕ್ಕೆ ತಲಪುತ್ತದೆ. ಕಾಯಿದೆ ಹೇಳಿದ ಒಂಬತ್ತು ಗಂಟೆಯ ವಿಶ್ರಾಂತಿ ಮುಗಿಯುವಾಗ ಬೆಳಗಿನ ಏಳೂ ನಲವತ್ತು. ಆದರೆ ಅದೇ ಬಸ್ಸು ಐದೂವರೆಗೆ ಹೊರಟರಲ್ಲದೆ ಆ ಹುಡುಗಿಯರು ತರಗತಿಗೆ ಸೇರಲಾರರು. ಹತ್ತಕ್ಕೆ ಬಂದು ಐದೂವರೆಗೆ ಹೊರಡುವ ಈಗಿನ ಏರ್ಪಾಡಿನಲ್ಲಿಯೇ ಒಂಬತ್ತು ಗಂಟೆ ಹಿಡಿಸುವುದಿಲ್ಲವೆಂಬುದನ್ನು ಲೆಕ್ಕ ಬಲ್ಲವರು ಆಗಲೇ ಗಮನಿಸಿರಬೇಕು; ಅರ್ಧ ಪ್ರಪಂಚದ ನೆಮ್ಮದಿಯಂತೆ ಇದೂ ಇಬ್ಬರ ನಿದ್ರೆಯನ್ನು ಕಡಗೊಂಡು ನಡೆದಿದೆ. ರಾತ್ರಿಯ ಪ್ರಯಾಣಿಕನಿಗಾಗಿ ಬಸ್ಸನ್ನು ತಡೆದರೆ ಬೆಳಗಿನ ವಿದ್ಯಾರ್ಥಿನಿಗೆ ಅನ್ಯಾಯ. ಇಬ್ಬರಿಗೂ ನ್ಯಾಯ ಮಾಡಿದರೆ ಚಾಲಕನಿಗೆ ಅನ್ಯಾಯ, ಅವನ ಹಿಂದೆ ಕುಳಿತ ಅರುವತ್ತು ಜನರಿಗೆ ಅಪಾಯ. ಬಂದ ಜೋಡಿ ಮಲಗಿರುವಾಗ ಬೆಳಗಿನ ಬಸ್ಸನ್ನು ಹಿಡಿಯಲು ಅದೇ ಸೀಮೆಯ ಇನ್ನೊಂದು ಜೋಡಿ ಇರಬೇಕು; ಇದರ ಹೊರತು ಬೇರೆ ಉಪಾಯ ನನಗೆ ಕಾಣದು.

ಆ ಎರಡನೆಯ ಜೋಡಿಯ ಸಂಬಳ ಯಾರ ಲೆಕ್ಕಕ್ಕೆಂದರೆ ಡಿಪೋ ವಿಭಾಗವನ್ನು ತೋರಿಸುತ್ತದೆ, ವಿಭಾಗ ನಿಗಮವನ್ನು, ನಿಗಮ ಸರ್ಕಾರವನ್ನು. ರೈಲ್ವೆಯಂತೂ ಬಸ್ಸು ತನ್ನದಲ್ಲವೆಂದು ಹೇಳಿ ಕೈತೊಳೆದುಕೊಳ್ಳಲು ಹಕ್ಕುಳ್ಳದ್ದು. ರೈಲ್ವೆಯಲ್ಲಿ ವಿಭಾಗಮಟ್ಟದ ಬಳಕೆದಾರರ ಸಲಹಾ ಸಮಿತಿಯುಂಟು. ಜಿಲ್ಲೆಯಲ್ಲಿ ಸಾರಿಗೆ ಪ್ರಾಧಿಕಾರವುಂಟು. ಮೊದಲನೆಯದರಲ್ಲಿ ಸಾರಿಗೆ ವಿಭಾಗದ ಸಂಚಾರ ಅಧಿಕಾರಿಯೊಬ್ಬರಿಗೂ ಎರಡನೆಯದರಲ್ಲಿ ರೈಲ್ವೆಯ ಸಂಚಾರ ಅಧಿಕಾರಿಯೊಬ್ಬರಿಗೂ ಕುರ್ಚಿ ಹಾಕುವುದಕ್ಕೆ ಹೊಸ ಕಾನೂನೇನೂ ಬೇಕಾಗಲಾರದು. ಶಾಲೆ ತೆರೆಯುವ ಮುನ್ನ, ಮೇ ತಿಂಗಳಲ್ಲಿ ಒಂದು ದಿನ, ಒಬ್ಬರು ಲಿಂಕನ್ನೂ ಇನ್ನೊಬ್ಬರು ಫಾರಂ ನಾಲ್ಕನ್ನೂ ತಂದು ಹರಡಿಕೊಂಡು, ತೋಳಹುಣಸೆಯ ಎರಡು ಗಾಡಿಗಳನ್ನೂ ನಾಲ್ಕು ತಾಲ್ಲೂಕುಗಳ ನಾಲ್ಕು ಕೊನೆಯ ಬಸ್ಸುಗಳನ್ನೂ ಮಾತ್ರ ಚರ್ಚೆಗೆ ಎತ್ತಿಕೊಳ್ಳಲಿ. ಅಲ್ಲಿಯವರೆಗೆ ಆ ಎರಡನೆಯ ಜೋಡಿಯ ಸಂಬಳವನ್ನು, ತಪ್ಪಿದ ಬಸ್ಸಿಗೆ ಬದಲಾಗಿ ಹರಿಹರದಿಂದ ಹೊನ್ನಾಳಿಗೆ ಐದು ಜನ ಸೇರಿ ಗೊತ್ತುಮಾಡಿಕೊಂಡ ಕಾರಿನವನಿಗೆ ಪ್ರಯಾಣಿಕರೇ ತೆರುತ್ತಿರುತ್ತಾರೆ. ಆ ಕಾರಿನವನು ಎಷ್ಟು ಗಂಟೆಯಿಂದ ನಿದ್ರೆ ಮಾಡಿಲ್ಲವೆಂಬುದನ್ನು ಬರೆದಿಡುವ ಫಾರಂ ಯಾವ ಕಚೇರಿಯಲ್ಲಿಯೂ ಇಲ್ಲ.